ಬೆಳಕು ಮೇಲಿಂದ ಬಿದ್ದರೆ ಅಕ್ಷರ ಉಬ್ಬುತ್ತದೆ

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಫೋಟೋ ನಿಮ್ಮ ಮೊಬೈಲಿನಲ್ಲಿ ಇದೆಯಾ? ಬಿಸಿಲು ಮೇಲಿಂದ ಬೀಳುವಾಗ ತೆಗೆದದ್ದಾದರೆ ಇನ್ನೂ ಚಲೋ. ಪರದೆ ತಾನಾಗಿ ತಿರುಗದಂತೆ ಲಾಕ್ ಮಾಡಿ, ಮೊಬೈಲನ್ನು ತಲೆಕೆಳಗು ಹಿಡಿದು ನೋಡಿ. ಸುಮಾರು 1,300 ವರ್ಷಗಳ ಹಿಂದೆ ಬಂಡೆಯೊಳಗೆ ಕೊರೆದ ಅಕ್ಷರಗಳು ಉಬ್ಬಿ ನಿಂತಂತೆ ಕಾಣುತ್ತವೆ. ಬಂಡೆ ಅದೇ, ಫೋಟೋ ಅದೇ. ಬದಲಾದದ್ದು ನಮ್ಮ ಮಿದುಳಿನ ಲೆಕ್ಕ ಮಾತ್ರ.

ಬನಶಂಕರಿ ಜಾತ್ರೆಯ ನಾಟಕದ ಬ್ಯಾನರಿನಲ್ಲಿ ಬಂಗಾರದ ಅಕ್ಷರ ಎದ್ದು ಕಾಣುವುದೂ ಇದೇ ಲೆಕ್ಕದಿಂದ. ನಾನು ಅಂಥ ಬ್ಯಾನರು ಮಾಡುವವನು. ಫ್ಲೆಕ್ಸ್ ಸಪಾಟಾಗಿರುತ್ತದೆ, ಕೈಯಾಡಿಸಿದರೆ ಏನೂ ತಗಲುವುದಿಲ್ಲ. ಆದರೂ ಅಕ್ಷರ ಹಿಡಿದು ಎತ್ತಬಹುದು ಅನ್ನಿಸುತ್ತದೆ.

ಬೆಳಕು ಮೇಲಿಂದಲೇ ಬರುತ್ತದೆ ಎಂದು ಮಿದುಳು ನಂಬಿಕೊಂಡಿದೆ. ಸೂರ್ಯ ಯಾವತ್ತೂ ತಲೆಯ ಮೇಲೇ ಇರುವುದು, ಅಲ್ವಾ? ಹಾಗಾಗಿ ಮೇಲಂಚು ಬೆಳ್ಳಗೆ, ಕೆಳಂಚು ಕಪ್ಪಗೆ ಇದ್ದರೆ ಅದು ಉಬ್ಬು. ತಿರುವುಮುರುವಾದರೆ ತಗ್ಗು. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲಿ ಬೂದು ಬಣ್ಣದ ಬಿಲ್ಲೆಗಳ ಚಿತ್ರದಿಂದ ಇದನ್ನು ಚೆನ್ನಾಗಿ ತೋರಿಸಿದರು. ಮೇಲ್ಭಾಗ ಬೆಳಗಿದ ಬಿಲ್ಲೆ ಗೋಲಿಯಂತೆ ಕಂಡರೆ, ಕೆಳಭಾಗ ಬೆಳಗಿದ ಬಿಲ್ಲೆ ಕುಳಿಯಂತೆ ಕಾಣುತ್ತದೆ.

ನಾವು ಬ್ಯಾನರು ಮಾಡುವ ತಂತ್ರಾಂಶ ಫೋಟೋಶಾಪ್. ಅದರಲ್ಲಿ ಅಕ್ಷರ ಉಬ್ಬಿಸುವ ‘ಬೆವೆಲ್ ಆಂಡ್ ಎಂಬಾಸ್’ ಮಾಡುವುದು ಇಷ್ಟೇ. ಅಕ್ಷರದ ಅಂಚಿನಿಂದ ಒಳಗೆ ಹೋದಂತೆ ನೆಲ ಏರುತ್ತದೆ ಎಂದು ಅದು ಎಣಿಸುತ್ತದೆ. ಎಷ್ಟು ಪಿಕ್ಸೆಲ್ ದೂರದವರೆಗೆ ಏರಬೇಕು ಎಂಬುದು ‘ಸೈಜ್’. ಆಮೇಲೆ ಒಂದೊಂದು ಪಿಕ್ಸೆಲಿನ ಇಳಿಜಾರು ಯಾವ ಕಡೆ ಮುಖ ಮಾಡಿದೆ ಎಂದು ನೋಡುತ್ತದೆ. ಬೆಳಕಿನ ಕಡೆ ಮುಖ ಇದ್ದರೆ ಬಿಳಿ, ಬೆನ್ನು ಮಾಡಿದ್ದರೆ ಕಪ್ಪು. ಬೆಳಕಿಗೆ ಮೇಲ್ಮೈ ಓರೆಯಾದಂತೆ ಹೊಳಪು ಕಡಿಮೆಯಾಗುವ ಈ ನಿಯಮ ಗಣಿತಜ್ಞ ಯೊಹಾನ್ ಲ್ಯಾಂಬರ್ಟ್ 1760ರಲ್ಲಿ ಬರೆದಿಟ್ಟದ್ದು. ಅಲ್ಲೇ ‘ಅಪ್’ ಬದಲು ‘ಡೌನ್’ ಒತ್ತಿದರೆ ಬಿಳಿ ಕಪ್ಪು ಅದಲುಬದಲಾಗಿ ಅಕ್ಷರ ಕೊರೆದಂತೆ ಆಗುತ್ತದೆ. ಮೊಬೈಲ್ ತಿರುಗಿಸಿ ನೋಡಿದಿರಲ್ಲ, ಅದೇ.

ಈ ಕೆಲಸಕ್ಕೆ ಕನ್ನಡದಷ್ಟು ಒಪ್ಪುವ ಲಿಪಿ ಕಡಿಮೆ ಅಂತ ನನಗೆ ಅನ್ನಿಸುತ್ತದೆ. ಇಂಗ್ಲಿಷಿನ ಎಚ್ ಅಕ್ಷರ ತಗೊಳ್ಳಿ. ಎಲ್ಲಾ ನೇರ ಗೆರೆ. ಒಂದು ಅಂಚಿಗೆ ಉದ್ದಕ್ಕೂ ಒಂದೇ ಛಾಯೆ. ಈಗ ನಮ್ಮ ‘ಠ’ ಹಾಕಿ ನೋಡಿ. ಅಂಚು ಸುತ್ತಲೂ ತಿರುಗುತ್ತದೆ, ಇಳಿಜಾರೂ ಅದರ ಜೊತೆ ತಿರುಗುತ್ತದೆ. ಎಡ ಮೇಲ್ಗಡೆ ಬೆಳ್ಳಗಿದ್ದದ್ದು ಸ್ವಲ್ಪ ಸ್ವಲ್ಪವೇ ಹಳದಿಗೆ, ಕಂದಿಗೆ ಜಾರಿ ಬಲ ಕೆಳಗೆ ಕಪ್ಪಾಗುತ್ತದೆ. ಬಳೆಯ ಮೇಲೆ ಬೆಳಕು ಓಡಿದ ಹಾಗೆ! ಇಷ್ಟು ವರ್ಷವಾದರೂ ಅದನ್ನು ನೋಡುವಾಗ ಖುಷಿಯಾಗುತ್ತದೆ.

ಒತ್ತಕ್ಷರಕ್ಕೆ ಮಾತ್ರ ಜೋಪಾನ. ಅದರ ಗೆರೆ ಸಣ್ಣದು. ಸೈಜ್ ಜಾಸ್ತಿ ಕೊಟ್ಟರೆ ಎರಡೂ ಬದಿಯ ಇಳಿಜಾರು ನಡುವೆ ಡಿಕ್ಕಿಯಾಗಿ, ಸಪಾಟು ಜಾಗವೇ ಉಳಿಯದೆ ಅಕ್ಷರ ಚಾಕುವಿನ ಅಲಗಿನಂತೆ ಆಗುತ್ತದೆ. ‘ತ್ತ’ದ ಒತ್ತು ಓದಲು ಬರುವವರೆಗೆ ಸೈಜ್ ಇಳಿಸಿ.

ಬಂಗಾರದ್ದು ಬೇರೆ ಗುಟ್ಟು. ಹಳದಿ ತುಂಬಿದರೆ ಅರಿಸಿನ ಆಗುತ್ತದೆ, ಬಂಗಾರ ಆಗುವುದಿಲ್ಲ. ಉಜ್ಜಿದ ಬಂಗಾರ ಒಂದು ಕನ್ನಡಿ. ಆಕಾಶ, ನೆಲ, ನಡುವಿನ ಕಪ್ಪು ಗೆರೆ ಎಲ್ಲಾ ಅದರೊಳಗೆ ಕಾಣುತ್ತವೆ. ನೀಲಿ ಬೆಳಕನ್ನು ಮಾತ್ರ ಅದು ಹೀರಿಕೊಳ್ಳುತ್ತದೆ, ಅದಕ್ಕೇ ಹಳದಿ ಛಾಯೆ. ಆದ್ದರಿಂದ ಗ್ರೇಡಿಯಂಟಿನಲ್ಲಿ, ಅಂದರೆ ಒಂದು ಬಣ್ಣ ಇನ್ನೊಂದಕ್ಕೆ ಜಾರುವ ಪಟ್ಟಿಯಲ್ಲಿ, ತಿಳಿಹಳದಿ, ಅದರ ಪಕ್ಕದಲ್ಲೇ ಗಾಢ ಕಂದು, ಮತ್ತೆ ಹಳದಿ ಇಡಬೇಕು. ಕಂದು ಇಡಲು ಹೆದರಬೇಡಿ. ಹೊಳಪು ಹುಟ್ಟುವುದೇ ಆ ಕಪ್ಪಿನ ಪಕ್ಕದಲ್ಲಿ.

ಶುರುವಿನಲ್ಲಿ ಒಂದು ಬ್ಯಾನರು ಕೆಡಿಸಿದ್ದೆ. ಕಲಾವಿದರ ಫೋಟೋಗೆ ಬೆಳಕು ಬಲಗಡೆಯಿಂದ, ನಾಟಕದ ಹೆಸರಿಗೆ ಎಡದಿಂದ, ಊರಿನ ಹೆಸರಿಗೆ ಕೆಳಗಿನಿಂದ. ‘ಏನೋ ಕಣ್ಣಿಗೆ ಕೂಡವಲ್ದು’ ಅಂದರು ಪೇಂಟಿಂಗ್ ಮಾಡಿ ಪಳಗಿದ ಹಿರಿಯರೊಬ್ಬರು. ಕೈಯಿಂದ ಬೋರ್ಡು ಬರೆಯುವಾಗ ಅವರು ಎಲ್ಲಾ ನೆರಳನ್ನೂ ಒಂದೇ ಕಡೆ ಹಾಕುತ್ತಿದ್ದರಂತೆ. ಈಗ ನಾನು ಮೊದಲು ಫೋಟೋದಲ್ಲಿ ಮೂಗಿನ ನೆರಳು ಯಾವ ಕಡೆ ಬಿದ್ದಿದೆ ಎಂದು ನೋಡುತ್ತೇನೆ. ಆಮೇಲೆ ‘ಗ್ಲೋಬಲ್ ಲೈಟ್’ ಆನ್ ಮಾಡಿ ಎಲ್ಲಾ ಅಕ್ಷರಕ್ಕೂ ಅದೇ ಕೋನ ಕೊಡುತ್ತೇನೆ.

ಮಾಯಾಲೋಕದ ನಾಟಕಗಳಿಗೆ ಅಕ್ಷರದ ಹಿಂದಿನಿಂದ ಬೆಳಕು ಸೂಸಬೇಕು ಅಂತ ಕೇಳುತ್ತಾರೆ. ‘ಔಟರ್ ಗ್ಲೋ’ ಪರದೆಯ ಮೇಲೆ ಚೆಂದ, ಫ್ಲೆಕ್ಸಿನಲ್ಲಿ ಮಂಕು. ಪರದೆ ತಾನೇ ಬೆಳಕು ಕೊಡುತ್ತದೆ, ಫ್ಲೆಕ್ಸಿನ ಶಾಯಿ ಕೊಡುವುದಿಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದು ವಿಜಯಪುರದ ಇಬ್ರಾಹಿಂ ರೋಜಾದಲ್ಲಿ. ಅಲ್ಲಿನ ಕಿಟಕಿಗಳ ಕಲ್ಲಿನ ಜಾಲರಿಯೇ ಅರಬ್ಬಿ ಅಕ್ಷರ. ಅಕ್ಷರದ ನಡುವಿನ ಸಂದಿಯಿಂದ ಬಿಸಿಲು ಒಳಗೆ ಬರುತ್ತದೆ. ಒಳಗಿನ ಮಬ್ಬಿನಲ್ಲಿ ನಿಂತು ನೋಡಿದರೆ ಆ ಸಂದಿಗಳು ಉರಿಯುತ್ತವೆ. ಹೊರಗೆ ಬಂದು ಅದೇ ಕಿಟಕಿ ನೋಡಿದರೆ ಬರೀ ಕಲ್ಲು. ಊರಿಗೆ ಬಂದು ಬ್ಯಾನರಿನ ಹಿನ್ನೆಲೆಯನ್ನು ಕಡುನೀಲಿ ಮಾಡಿದೆ. ಗ್ಲೋ ಬಣ್ಣ ಮುಟ್ಟಲೇ ಇಲ್ಲ. ಆ ಸಲ ಅಕ್ಷರ ಫ್ಲೆಕ್ಸಿನಲ್ಲೂ ಉರಿಯಿತು.