ಮಂಡಿನೋವಿಗೆ ಸೋಫಾ ಔಷಧಿ ಅಲ್ಲ

ಅಮ್ಮನ ಎಕ್ಸ್‌ರೇ ಹಿಡ್ಕೊಂಡು ಬರೋ ಮಕ್ಕಳು ಹೆಚ್ಚುಕಮ್ಮಿ ಎಲ್ಲರೂ ಇದನ್ನೇ ಹೇಳ್ತಾರೆ. "ಮೇಡಂ, ಮಂಡಿ ಪೂರ್ತಿ ಸವೆದೋಗಿದೆಯಂತೆ, ನಾವೇನೂ ಕೆಲಸ ಮಾಡಿಸ್ತಿಲ್ಲ, ಕೂತಲ್ಲಿಗೇ ಊಟ ತಿಂಡಿ ಕೊಡ್ತೀವಿ, ಆದ್ರೂ ನೋವು ಜಾಸ್ತಿ ಆಗ್ತಿದೆ." ಕೂತಲ್ಲಿಗೇ ಕೊಡೋದ್ರಿಂದಲೇ ಜಾಸ್ತಿ ಆಗ್ತಿದೆ ಅಂದ್ರೆ ಮುಖ ಸಪ್ಪಗಾಗುತ್ತೆ. ಪಾಪ, ಪ್ರೀತಿಯಿಂದ ಮಾಡಿರ್ತಾರೆ, ಬೈಯೋಕೂ ಮನಸ್ಸು ಬರಲ್ಲ.

ಎಕ್ಸ್‌ರೇ ವಿಷ್ಯ ಮೊದ್ಲು ಮುಗಿಸಿಬಿಡ್ತೀನಿ. ಗ್ರೇಡ್ 3, ಗ್ರೇಡ್ 4 ಅಂತಾರಲ್ಲ, ಅದು 1957ರಲ್ಲಿ ಕೆಲ್‌ಗ್ರೆನ್, ಲಾರೆನ್ಸ್ ಅನ್ನೋ ಇಬ್ರು ಡಾಕ್ಟ್ರು ಮಾಡಿಟ್ಟ ಲೆಕ್ಕ, ಮೂಳೆ ನಡುವಿನ ಸಂದು ಎಷ್ಟು ಕಿರಿದಾಗಿದೆ, ಅಂಚಲ್ಲಿ ಎಷ್ಟು ಮುಳ್ಳು ಬೆಳೆದಿದೆ ಅನ್ನೋದನ್ನ ಹೇಳುತ್ತೆ ಅಷ್ಟೇ. ನೋವು ಎಷ್ಟಿದೆ ಅನ್ನೋದು ಅದರಲ್ಲಿ ಕಾಣಲ್ಲ. ಗ್ರೇಡ್ 4 ಇಟ್ಕೊಂಡು ದಿನಾ ದೇವಸ್ಥಾನದ ಮೆಟ್ಟಿಲು ಹತ್ತೋರೂ ಇದ್ದಾರೆ, ಗ್ರೇಡ್ 2ಕ್ಕೇ ಮಂಚ ಹಿಡಿದೋರೂ ಇದ್ದಾರೆ.

ಈಗ ನಾನು ದಿನಾ ಹೇಳಿ ಹೇಳಿ ಗಂಟಲು ಒಣಗಿಸ್ಕೊಳ್ಳೋ ವಿಷ್ಯಕ್ಕೆ ಬರ್ತೀನಿ. ನಡೆದ್ರೆ ಇನ್ನೂ ಸವೆಯುತ್ತೆ ಅನ್ನೋದು ತಪ್ಪು. ಕೀಲಿನೊಳಗೆ ಮೂಳೆ ತುದಿಗೆ ಮೆತ್ತೆ ಥರ ಇರೋ ಕಾರ್ಟಿಲೇಜ್‌ಗೆ ರಕ್ತನಾಳನೇ ಇಲ್ಲ, ಅದಕ್ಕೆ ಬೇಕಾದ್ದೆಲ್ಲ ಸುತ್ತಲಿನ ದ್ರವದಿಂದ ಸಿಗಬೇಕು. ಹೆಜ್ಜೆ ಊರಿದಾಗ ಪಾತ್ರೆ ತೊಳೆಯೋ ಸ್ಪಂಜಿನ ಥರ ಹಿಂಡ್ಕೊಳ್ಳುತ್ತೆ, ಎತ್ತಿದಾಗ ಹೀರ್ಕೊಳ್ಳುತ್ತೆ, ಅಲ್ಲಾಡ್ದೆ ಕೂತ್ರೆ ಎರಡೂ ಇಲ್ಲ. ಅದಕ್ಕಿಂತ ಮುಖ್ಯ ತೊಡೆ ಮುಂಭಾಗದ ಸ್ನಾಯು, ಕ್ವಾಡ್ರಿಸೆಪ್ಸ್. ಮಂಡಿ ಮೇಲೆ ಬೀಳೋ ಭಾರನ ತಡ್ಕೊಳ್ಳೋದು ಅದು. ನೋವು ಅಂತ ಕೂತ್ರೆ ಅದು ಸೊರಗುತ್ತೆ, ಸೊರಗಿದ್ರೆ ಭಾರ ನೇರ ಕೀಲಿಗೆ ಬೀಳುತ್ತೆ, ನೋವು ಏರುತ್ತೆ, ಮತ್ತೆ ಮನೆಯವ್ರು "ಏಳ್ಬೇಡಮ್ಮಾ" ಅಂತಾರೆ. ಕೂತು ಕೂತು ತೂಕನೂ ಏರುತ್ತೆ, ಒಂದು ಕೆಜಿ ಇಳಿದ್ರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಒತ್ತಡ ಸುಮಾರು ನಾಲ್ಕು ಕೆಜಿ ಇಳಿಯುತ್ತೆ, ಏರಿದ್ರೂ ಲೆಕ್ಕ ಹಂಗೇ.

ತುಮಕೂರು ಕಡೆ ಹಳ್ಳಿಯಿಂದ ಒಬ್ಬ ಅಜ್ಜಿನ ಮಗ ಪೇಟೆ ಮನೆಗೆ ಕರ್ಕೊಂಡು ಬಂದಿದ್ದ. ಹಳ್ಳೀಲಿ ಎರಡೊತ್ತೂ ಡೈರಿಗೆ ಹಾಲು ಹಾಕೋಕೆ ನಡೆದು ಹೋಗ್ತಿದ್ದೋರು. ಇಲ್ಲಿ ಸೋಫಾ, ಟೀವಿ ರಿಮೋಟು. ನನ್ನ ಹತ್ರ ಬಂದಾಗ ಕುರ್ಚಿಯಿಂದ ಕೈ ಊರದೆ ಎದ್ದೇಳಿ ಅಂದೆ, ಅವ್ರು ಮುಂದಕ್ಕೆ ಬಾಗೋಷ್ಟರಲ್ಲೇ ಮಗ ಓಡಿಬಂದು ಕಂಕುಳಿಗೆ ಕೈ ಹಾಕಿ ಎತ್ತಿಬಿಟ್ಟ. ನಾನು ಮತ್ತೆ ಕೂರಿಸಿದೆ, ಅವ್ನು ಮತ್ತೆ ಎತ್ತಿದ. ಕೊನೆಗೆ ಅಜ್ಜಿನೇ "ಸುಮ್ಕಿರೋ ಅತ್ಲಾಗೆ, ನಾನೇನು ಮೂಟೆನಾ" ಅಂದ್ರು! ಸೋಫಾ ಬೇರೆ ತುಂಬಾ ತಗ್ಗು, ಸೊಂಟ ಮಂಡಿಗಿಂತ ಕೆಳಗೆ ಹೋಗುತ್ತೆ, ಅದರಿಂದ ಏಳೋದು ಮಂಡಿಗೆ ತುಂಬಾ ಕಷ್ಟದ ಕೆಲಸ. ಗಟ್ಟಿ, ಎತ್ತರದ, ಕೈ ಇರೋ ಕುರ್ಚಿ ಹಾಕ್ಸಿದ್ವಿ. ಬೆಳಿಗ್ಗೆ ನಂದಿನಿ ಪ್ಯಾಕೆಟ್ ತರೋ ಕೆಲಸ ಅಜ್ಜಿಗೇ ಬಿಟ್ವಿ, ದುಡ್ಡು ಕೊಟ್ಟು ಹಾಲು ತರೋದಾ ಅಂತ ಬೈಕೊಂಡೇ ಹೋಗ್ತಾರಂತೆ, ಹೋಗ್ಲಿ.

ವ್ಯಾಯಾಮ ಅಂದ್ರೆ ದೊಡ್ಡದೇನಲ್ಲ. ಕಾಲು ಚಾಚಿ ಕೂತು ಮಂಡಿ ಕೆಳಗೆ ಟವಲ್ ಸುತ್ತಿಟ್ಟು ಒತ್ತಿ, ಐದು ಸೆಕೆಂಡ್ ಹಿಡಿದು ಬಿಡೋದು, ಹತ್ತು ಸಲ. ಆಮೇಲೆ ಕುರ್ಚಿಯಿಂದ ಎದ್ದು ಕೂರೋದು, ಆದಷ್ಟು. ಒಂದು ವಾರ ಮಾಡಿ ಏನೂ ಆಗ್ಲಿಲ್ಲ ಅಂತ ಬರ್ಬೇಡಿ, ಎರಡು ಮೂರು ತಿಂಗಳು ಬೇಕು. ಶುರುವಲ್ಲಿ ಸ್ವಲ್ಪ ನೋಯುತ್ತೆ. ಮರುದಿನ ಬೆಳಿಗ್ಗೆಗೆ ಮೊದಲಿನಷ್ಟಕ್ಕೇ ಇಳಿದಿದ್ರೆ ಸರಿಯಾಗಿದೆ ಅಂತ, ಇಳಿದಿಲ್ಲ, ಊತ ಬಂತು ಅಂದ್ರೆ ಅರ್ಧಕ್ಕೆ ಇಳಿಸಿ, ನಿಲ್ಲಿಸ್ಬೇಡಿ. ಕಾರ್ಟಿಲೇಜ್ ವಾಪಸ್ ಬೆಳೆಯುತ್ತೆ ಅಂತ ನಾನು ಹೇಳ್ತಿಲ್ಲ, ಹಂಗೆ ಹೇಳೋರನ್ನ ನಂಬಲೂಬೇಡಿ. ತೀರಾ ಮುಂದುವರಿದವ್ರಿಗೆ ಆಪರೇಷನ್ನೇ ಬೇಕಾಗ್ಬಹುದು, ಆಗಲೂ ತೊಡೇಲಿ ಶಕ್ತಿ ಇದ್ದೋರು ಬೇಗ ಓಡಾಡ್ತಾರೆ.

ಮಂಡಿ ಕೆಂಪಾಗಿ ಬಿಸಿಯಾಗಿ ಊದಿ ಜ್ವರ ಬಂದ್ರೆ, ಬಿದ್ದಮೇಲೆ ಕಾಲೂರೋಕೇ ಆಗ್ದಿದ್ರೆ, ಒಂದೇ ಕಾಲಿನ ಮೀನಖಂಡ ಊದಿದ್ರೆ ನನ್ನ ಮಾತೆಲ್ಲ ಪಕ್ಕಕ್ಕಿಟ್ಟು ಅವತ್ತೇ ಡಾಕ್ಟ್ರ ಹತ್ರ ಹೋಗಿ. ಮಾತ್ರೆ ವಿಷ್ಯನೂ ಅವ್ರನ್ನೇ ಕೇಳಿ. ಬಿಪಿ, ಕಿಡ್ನಿ ತೊಂದ್ರೆ ಇರೋರು ಅಂಗಡೀಲಿ ಕೇಳಿ ನೋವಿನ ಮಾತ್ರೆ ನುಂಗೋದು ಅಪಾಯ, ಹೆಸರಿಲ್ಲದ ಪುಡಿ ಪೊಟ್ಟಣದಲ್ಲಿ ಸ್ಟೀರಾಯ್ಡ್ ಬೆರೆಸಿರೋದೂ ಉಂಟು. ಹಚ್ಚೋ ಡೈಕ್ಲೋಫೆನಾಕ್ ಜೆಲ್ ವಯಸ್ಸಾದವ್ರಿಗೆ ನುಂಗೋ ಮಾತ್ರೆಗಿಂತ ಸಾಮಾನ್ಯವಾಗಿ ವಾಸಿ, ಅದನ್ನೂ ಒಂದ್ಸಲ ಕೇಳ್ಕೊಂಡೇ ಹಚ್ಚಿ.

ಇನ್ನು ಕೋಲು. ಬೇಡ ಅಂತ ಹಠ ಮಾಡೋರೇ ಜಾಸ್ತಿ, ಹಿಡಿದೋರೂ ತಪ್ಪು ಕೈಲಿ ಹಿಡಿದಿರ್ತಾರೆ. ನೋವು ಬಲ ಮಂಡೀಲಿದ್ರೆ ಕೋಲು ಎಡಗೈಲಿರ್ಬೇಕು, ಬಲಗಾಲು ಇಡೋವಾಗಲೇ ಕೋಲೂ ಮುಂದೆ ಹೋಗ್ಬೇಕು. ಚಪ್ಪಲಿ ಹಾಕಿ ನಿಂತು ಕೈ ಇಳಿಬಿಟ್ರೆ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರ್ಬೇಕು. ತುದೀಲಿರೋ ರಬ್ಬರ್ ಬುಷ್ ನುಣ್ಣಗಾಗಿದ್ರೆ ಇವತ್ತೇ ಬದಲಾಯ್ಸಿ, ಮೆಡಿಕಲ್ ಶಾಪಲ್ಲಿ ಸಿಗುತ್ತೆ.