ನಿಮ್ಮ ಪೇಪರ್ ಈಗ ಯಾರ ಕೈಲಿದೆ?

"ಪೇಪರ್ ಕಳಿಸಿ ನಾಲ್ಕು ತಿಂಗಳಾಯ್ತು. ಇನ್ನೂ ‘ಪರಿಶೀಲನೆಯಲ್ಲಿದೆ’ ಅಂತಲೇ ತೋರಿಸ್ತಿದೆ. ಓದೋದಕ್ಕೆ ಇಷ್ಟು ದಿನ ಬೇಕಾ ಸರ್?"

ಸಂಶೋಧನಾ ಪೇಪರ್‌ಗಳನ್ನು ಪ್ರಕಟಿಸುವ ಜರ್ನಲ್ ಒಂದರ ಸಂಪಾದಕನಾದ ನನಗೆ ಹೊಸ ಸಂಶೋಧಕರಿಂದ ಪದೇಪದೇ ಬರುವ ಪ್ರಶ್ನೆ ಇದು. ಓದುವುದಕ್ಕೆ ಅಷ್ಟು ದಿನ ಬೇಡ. ಗಮನವಿಟ್ಟು ಓದಿ ವರದಿ ಬರೆಯಲು ಒಂದೆರಡು ದಿನ ಸಾಕು. ಗಣಿತದ ಉದ್ದುದ್ದ ಪ್ರೂಫ್‌ಗಳ ಮಾತು ಬೇರೆ. ಉಳಿದ ಕಾಲವೆಲ್ಲ ಓದುವವರನ್ನು ಹುಡುಕುವುದರಲ್ಲೇ ಹೋಗುತ್ತದೆ.

ಪೇಪರ್ ಬಂದ ಕೂಡಲೇ ಮೊದಲು ಓದುವವನು ನಾನು. ನಮ್ಮ ಜರ್ನಲ್‌ನ ವಿಷಯಕ್ಕೆ ಸೇರುತ್ತದೆಯೇ, ಹೊಸದೇನಾದರೂ ಇದೆಯೇ, ಬೇರೆ ಕಡೆಯಿಂದ ಎತ್ತಿದ್ದೇ ಎಂದು ನೋಡುತ್ತೇನೆ. ಇಲ್ಲೇ ವಾಪಸ್ ಹೋಗುವ ಪೇಪರ್‌ಗಳು ಬೇಕಾದಷ್ಟು. ಲೇಖಕರಿಗೆ ಬೇಸರ ಆಗುತ್ತದೆ, ಆದರೆ ವಾರದೊಳಗೆ ಬರುವ ‘ಇಲ್ಲ’ ಆರು ತಿಂಗಳ ನಂತರ ಬರುವ ‘ಇಲ್ಲ’ಕ್ಕಿಂತ ಎಷ್ಟೋ ವಾಸಿ ಅಲ್ವಾ?

ಈ ಹಂತ ದಾಟಿದ ಪೇಪರ್‌ಗೆ ಕನಿಷ್ಠ ಇಬ್ಬರು ರೆಫರಿಗಳು, ಅಂದರೆ ಅದನ್ನು ಓದಿ ವರದಿ ಕೊಡುವ ತಜ್ಞರು, ಬೇಕು. ಅದೇ ವಿಷಯದಲ್ಲಿ ಕೆಲಸ ಮಾಡಿರಬೇಕು. ಆದರೆ ಲೇಖಕರ ಗೈಡ್ ಆಗಿರಬಾರದು, ಇತ್ತೀಚೆಗೆ ಅವರ ಜೊತೆ ಪೇಪರ್ ಬರೆದಿರಬಾರದು, ಅವರೊಡನೆ ಹಳೆಯ ಜಗಳವೂ ಇರಬಾರದು. ವಿಷಯ ಚಿಕ್ಕದಾದಷ್ಟೂ ಇಂಥವರು ಸಿಗುವುದು ಕಷ್ಟ. ಸಿಕ್ಕರೂ ಸಾಮಾನ್ಯವಾಗಿ ಈ ಕೆಲಸಕ್ಕೆ ಸಂಬಳವಿಲ್ಲ, ಹೆಸರೂ ಬರುವುದಿಲ್ಲ. ಒಬ್ಬರು ‘ಸಮಯವಿಲ್ಲ’ ಎನ್ನುತ್ತಾರೆ. ಇನ್ನೊಬ್ಬರು ಉತ್ತರವನ್ನೇ ಕೊಡುವುದಿಲ್ಲ. ಮೂರನೆಯವರು ಒಪ್ಪಿಕೊಂಡು ಮಾಯವಾಗುತ್ತಾರೆ. ಈ ಮೂರನೆಯವರಷ್ಟು ಕಾಡುವವರು ಬೇರೆ ಇಲ್ಲ.

ಹಾಗಾದರೆ ಲೇಖಕರೇ ಹೆಸರು ಸೂಚಿಸಲಿ ಎಂದು ಅನೇಕ ಜರ್ನಲ್‌ಗಳು ಕೇಳುತ್ತವೆ. ನಾನು ಆ ಪಟ್ಟಿಯನ್ನು ನೋಡುತ್ತೇನೆ, ಆದರೆ ಅದರಲ್ಲಿರುವ ಇಮೇಲ್ ವಿಳಾಸವನ್ನು ನಂಬುವುದಿಲ್ಲ. 2014ರಲ್ಲಿ ಕಂಪನಗಳ ಬಗೆಗಿನ ಜರ್ನಲ್ ಒಂದು ತಾನು ಪ್ರಕಟಿಸಿದ್ದ 60 ಪೇಪರ್‌ಗಳನ್ನು ಒಟ್ಟಿಗೆ ಹಿಂಪಡೆಯಬೇಕಾಯಿತು. ನಕಲಿ ಹೆಸರು, ನಕಲಿ ಇಮೇಲ್ ಖಾತೆಗಳ ಹಿಂದೆ ಕೂತು ತಮ್ಮವರ ಪೇಪರ್‌ಗೆ ತಾವೇ ‘ಚೆನ್ನಾಗಿದೆ’ ಎಂದು ಬರೆಯುವ ಜಾಲ ಅಲ್ಲಿತ್ತು.

ರೆಫರಿ ಯಾರೆಂದು ಸಾಮಾನ್ಯವಾಗಿ ಲೇಖಕರಿಗೆ ತಿಳಿಸುವುದಿಲ್ಲ. ಕೆಲವು ಕಡೆ ಲೇಖಕರ ಹೆಸರನ್ನೂ ರೆಫರಿಯಿಂದ ಮುಚ್ಚಿಡುತ್ತಾರೆ. ಇನ್ನು ಕೆಲವರು ಎಲ್ಲವನ್ನೂ ಬಹಿರಂಗವಾಗಿಯೇ ನಡೆಸುತ್ತಾರೆ. ನನಗೆ ಕೇಳಿದರೆ, ರೆಫರಿಯ ಹೆಸರು ಮುಚ್ಚಿಡುವುದರಿಂದ ಕಿರಿಯರಿಗೆ ಹಿರಿಯರ ತಪ್ಪು ತೋರಿಸುವ ಧೈರ್ಯ ಬರುತ್ತದೆ. ಅದೇ ಮರೆಯಲ್ಲಿ ಕೂತು ಸುಮ್ನೆ ಕೆಣಕುವವರೂ ಇದ್ದಾರೆ, ಇಲ್ಲವೆನ್ನಲಾರೆ.

ಎರಡು ವರದಿಗಳು ಬಂದವು ಎನ್ನಿ. ಒಬ್ಬರು ‘ಸಣ್ಣ ತಿದ್ದುಪಡಿ ಸಾಕು’ ಎಂದಿದ್ದಾರೆ, ಇನ್ನೊಬ್ಬರು ‘ತಿರಸ್ಕರಿಸಿ’ ಎಂದಿದ್ದಾರೆ. ಇಲ್ಲಿ ವೋಟು ಎಣಿಸುವಂತಿಲ್ಲ. ಎರಡು ಸಾಲಿನ ಹೊಗಳಿಕೆಯಿಂದ ನನಗೇನೂ ಸಿಗುವುದಿಲ್ಲ. ಮೂರನೇ ಕೋಷ್ಟಕದ ಲೆಕ್ಕ ಯಾಕೆ ಕೂಡಿಬರುವುದಿಲ್ಲ ಎಂದು ತೋರಿಸಿದ ವರದಿಯ ತೂಕವೇ ಬೇರೆ, ಅದರ ಭಾಷೆ ಎಷ್ಟೇ ಒರಟಾಗಿರಲಿ. ರೆಫರಿಗಳು ಸಲಹೆ ಕೊಡುತ್ತಾರೆ, ತೀರ್ಮಾನ ಸಂಪಾದಕನದು. ತಪ್ಪಿದರೆ ಹೊಣೆಯೂ ಅವನದೇ.

ರೆಫರಿಗಳಿಗೂ ಎಲ್ಲ ಕಾಣುವುದಿಲ್ಲ. 1998ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನವರು ಒಂದು ಪೇಪರ್‌ನಲ್ಲಿ ಬೇಕೆಂದೇ 8 ದೋಷಗಳನ್ನು ಸೇರಿಸಿ ತಮ್ಮ ರೆಫರಿಗಳಿಗೆ ಕಳಿಸಿದ ಪ್ರಯೋಗ ಪ್ರಕಟವಾಯಿತು. ಸರಾಸರಿ ಸಿಕ್ಕಿಬಿದ್ದದ್ದು 2 ಮಾತ್ರ. ಕಟ್ಟುಕಥೆಯ ದತ್ತಾಂಶವಂತೂ ಇನ್ನೂ ಸುಲಭವಾಗಿ ನುಸುಳುತ್ತದೆ, ಯಾಕೆಂದರೆ ರೆಫರಿ ಪೇಪರ್ ಓದುತ್ತಾರೆ, ಪ್ರಯೋಗಾಲಯಕ್ಕೆ ಹೋಗಿ ನೋಡುವುದಿಲ್ಲ.

ಆದರೂ ಅವರ ಮಾತು ಕೇಳಿ ಎನ್ನುತ್ತೇನೆ. 1936ರಲ್ಲಿ ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್ ಗುರುತ್ವದ ಅಲೆಗಳು ಇಲ್ಲವೆಂದು ವಾದಿಸುವ ಪೇಪರನ್ನು ಫಿಸಿಕಲ್ ರಿವ್ಯೂ ಎಂಬ ಭೌತಶಾಸ್ತ್ರದ ಜರ್ನಲ್‌ಗೆ ಕಳಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ರೆಫರಿಗೆ ಕಳಿಸಿ, ಬಂದ ಆಕ್ಷೇಪಗಳನ್ನು ಐನ್‌ಸ್ಟೈನ್ ಮುಂದಿಟ್ಟರು. ಅಚ್ಚಾಗುವ ಮೊದಲೇ ಪೇಪರನ್ನು ಬೇರೆಯವರಿಗೆ ತೋರಿಸಿದ್ದಕ್ಕೆ ಸಿಟ್ಟಾದ ಐನ್‌ಸ್ಟೈನ್ ಅದನ್ನು ವಾಪಸ್ ತೆಗೆದುಕೊಂಡರು. ಮುಂದೆ ಬೇರೆ ಜರ್ನಲ್‌ನಲ್ಲಿ ಅಚ್ಚಾಗುವಷ್ಟರಲ್ಲಿ ತಪ್ಪು ಅವರಿಗೇ ತಿಳಿದು ತೀರ್ಮಾನ ಬದಲಾಗಿತ್ತು. ಆ ರೆಫರಿ ಭೌತವಿಜ್ಞಾನಿ ಹೊವರ್ಡ್ ರಾಬರ್ಟ್‌ಸನ್ ಎಂದು ಖಚಿತವಾದದ್ದು ಎಷ್ಟೋ ದಶಕಗಳ ನಂತರ.

ಹಾಗಾಗಿ ‘ದೊಡ್ಡ ತಿದ್ದುಪಡಿ ಬೇಕು’ ಎಂಬ ಪತ್ರ ಬಂದರೆ ಎರಡು ದಿನ ಪಕ್ಕಕ್ಕಿಡಿ. ಸಿಟ್ಟು ಇಳಿದ ಮೇಲೆ ಪ್ರತಿ ಆಕ್ಷೇಪಕ್ಕೂ ಒಂದೊಂದಾಗಿ ಉತ್ತರ ಬರೆಯಿರಿ. ತಿದ್ದಿದ್ದರೆ ಎಲ್ಲಿ ಎಂದು ಸಾಲಿನ ಸಂಖ್ಯೆ ಕೊಡಿ. ರೆಫರಿ ಹೇಳಿದ್ದು ತಪ್ಪು ಅನ್ನಿಸಿದರೆ ಧಾರಾಳವಾಗಿ ಹಾಗೆ ಹೇಳಿ, ಕಾರಣ ಕೊಡಿ. ಎರಡನೇ ಸುತ್ತಿನಲ್ಲಿ ನಾನು ಮೊದಲು ತೆರೆಯುವುದು ಆ ಉತ್ತರದ ಪತ್ರವನ್ನೇ. ಪೇಪರ್ ಆಮೇಲೆ.