ಅಜ್ಜನ ಸೈಕಲಿಗೆ ಹೊಸ ಬಣ್ಣ ಬಳಿಸಬೇಕೇ?

ಪ್ರಶ್ನೆ: ಮಲ್ಪೆ ಸಮೀಪದ ನಮ್ಮ ಹಳೆಯ ಮನೆಯಲ್ಲಿ ಅಜ್ಜನ ರ‍್ಯಾಲಿ ಸೈಕಲ್ ಇದೆ. ಕಪ್ಪು ಬಣ್ಣ ಮಾಸಿದೆ, ಅಲ್ಲಲ್ಲಿ ತುಕ್ಕು ಹಿಡಿದಿದೆ. ಪೂರ್ತಿ ಕೆರೆಸಿ ಹೊಸ ಬಣ್ಣ ಹೊಡೆಸಲೇ, ಇದ್ದ ಹಾಗೆಯೇ ಉಳಿಸಿಕೊಳ್ಳಲೇ?

ಉತ್ತರ: ಸದ್ಯಕ್ಕೆ ಬಣ್ಣದ ಅಂಗಡಿಗೆ ಒಯ್ಯಬೇಡಿ. ಮಂಗಳೂರು–ಉಡುಪಿ ಭಾಗದ ಹಳೆಯ ಸೈಕಲ್ ಪ್ರಿಯರು ಒಂದೆಡೆ ಸೇರಿದಾಗಲೆಲ್ಲ ಏಳುವ ಪ್ರಶ್ನೆ ಇದು. ನನ್ನ ನಿಲುವು ಸ್ಪಷ್ಟ: ಮೂಲ ಬಣ್ಣ ಅರ್ಧದಷ್ಟಾದರೂ ಉಳಿದಿದ್ದರೆ ಅದನ್ನು ಕಾಪಾಡಿ. ಹೊಸತು ಬೇಕಿರುವುದು ಬೇರಿಂಗ್, ಬ್ರೇಕ್, ಟೈರುಗಳಿಗೆ.

ಪೌಡರ್ ಕೋಟಿಂಗ್ ಮಾಡಿಸಿದರೆ ಸೈಕಲ್ ಎರಡೇ ದಿನದಲ್ಲಿ ಥಳಥಳಿಸುತ್ತದೆ, ನಿಜ. ಮರಳು ಚಿಮ್ಮಿಸಿ ಹಳೆಯದನ್ನೆಲ್ಲ ಕಿತ್ತು, ಪುಡಿ ಹಚ್ಚಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಚೌಕಟ್ಟಿಗೆ ಅದರಿಂದ ಅಪಾಯವಿಲ್ಲ. ಆದರೆ ಕುಂಚ ಹಿಡಿದು ಕೈಯಿಂದಲೇ ಎಳೆದ ಚಿನ್ನದ ಗೆರೆಗಳು, ಕಾರ್ಖಾನೆಯಲ್ಲಿ ಅಂಟಿಸಿದ ಅಕ್ಷರಗಳು ಶಾಶ್ವತವಾಗಿ ಹೋಗುತ್ತವೆ. ದಪ್ಪ ಪದರದ ಕೆಳಗೆ ಚೌಕಟ್ಟಿನ ಸಂಖ್ಯೆಯೂ ಮುಚ್ಚಿಹೋಗಬಹುದು. ನಿಮ್ಮ ಅಜ್ಜನ ಸೈಕಲ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಿಂದ ಹಡಗಿನಲ್ಲಿ ಬಂದದ್ದೋ, ಪಶ್ಚಿಮ ಬಂಗಾಳದ ಆಸನ್ಸೋಲ್‌ನ ಸೇನ್-ರ‍್ಯಾಲಿ ಕಾರ್ಖಾನೆಯಲ್ಲಿ ತಯಾರಾದದ್ದೋ ಎಂದು ಹೇಳುವುದು ಇವೇ ಗುರುತುಗಳು. ಹಿಂದಿನ ಚಕ್ರದ ನಡುವಿನ ಹಬ್ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನದಾದರೆ ನಿಮ್ಮ ಅದೃಷ್ಟ. ಅದರ ಮೈಮೇಲೆ ‘54 7’ ಎಂದು ಒತ್ತಿದ್ದರೆ ಆ ಹಬ್ ತಯಾರಾದದ್ದು 1954ರ ಜುಲೈಯಲ್ಲಿ.

ನಮ್ಮ ಊರಿನ ಗುರುತುಗಳೂ ಇರುತ್ತವೆ. ಹಿಂದೆ ಸೈಕಲ್ ತೆರಿಗೆ ಕಟ್ಟಿದವರಿಗೆ ಪುರಸಭೆ ಕೊಡುತ್ತಿದ್ದ ಬಿಲ್ಲೆ, ಬೀಡಿಯ ಕಟ್ಟು ಹೇರಲೆಂದು ಬೆಸುಗೆ ಹಾಕಿ ಅಗಲ ಮಾಡಿಸಿದ ಕ್ಯಾರಿಯರ್, ಮೀನಿನ ಬುಟ್ಟಿಯಿಂದ ಸೋರಿದ ಉಪ್ಪುನೀರಿಗೆ ಹಿಂಭಾಗ ಮಾತ್ರ ತಿಂದುಹೋದ ಮಡ್‌ಗಾರ್ಡ್. ಕಾರ್ಖಾನೆಯದ್ದಲ್ಲ ಎಂಬ ಕಾರಣಕ್ಕೆ ಇವನ್ನು ಕಿತ್ತೆಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಸೈಕಲ್ ಯಾರ ಹೊಟ್ಟೆ ಹೊರೆಯಿತು ಎಂಬುದಕ್ಕೆ ಬೇರೆ ದಾಖಲೆ ಎಲ್ಲಿದೆ?

ಮೊದಲು ಅಂಗೈಯಗಲದ ಒಂದು ಜಾಗ ಆರಿಸಿಕೊಳ್ಳಿ. ಹಳೆಯ ಬನಿಯನ್ ಬಟ್ಟೆಗೆ ನಾಲ್ಕು ಹನಿ ತೆಳು ಯಂತ್ರದ ಎಣ್ಣೆ ಹಾಕಿ ಮೆಲ್ಲಗೆ ಒರೆಸಿ. ತುಕ್ಕೆಂದು ಕಂಡದ್ದರಲ್ಲಿ ಬಹುಪಾಲು ಎಣ್ಣೆ ಹೀರಿ ಗಟ್ಟಿಯಾದ ಕೆಮ್ಮಣ್ಣಿನ ಧೂಳೇ ಆಗಿರುತ್ತದೆ. ಬಟ್ಟೆ ಕೆಂಪಾಗುತ್ತಾ ಹೋದಂತೆ ಕೆಳಗಿನಿಂದ ಕಪ್ಪು ಎನಾಮಲ್ ಮೇಲೇಳುತ್ತದೆ, ಅದರ ಅಂಚಿನಲ್ಲಿ ಕೂದಲೆಳೆಯಷ್ಟು ತೆಳುವಾದ ಹೊಂಬಣ್ಣದ ಗೆರೆ ಕಾಣಿಸಿಕೊಳ್ಳುತ್ತದೆ. ಅದನ್ನು ಒಮ್ಮೆ ಕಂಡವರು ಬಣ್ಣದ ಅಂಗಡಿಯ ಮಾತೆತ್ತುವುದಿಲ್ಲ.

ನಿಜವಾದ ತುಕ್ಕಿಗೆ ನಮ್ಮ ಹಿತ್ತಿಲಲ್ಲೇ ಮದ್ದಿದೆ. ಕಾಂಡಕ್ಕೇ ಗೊಂಚಲಾಗಿ ಬಿಡುವ ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಹೇರಳವಾಗಿದೆ, ಅದು ತುಕ್ಕನ್ನು ಕರಗಿಸುತ್ತದೆ. ಹಿತ್ತಾಳೆ ಪಾತ್ರೆ, ಕತ್ತಿಗಳನ್ನು ಹಿರಿಯರು ಇದರಿಂದ ಉಜ್ಜುತ್ತಿದ್ದುದು ಸುಮ್ಮನೆ ಅಲ್ಲ. ಬೆಲ್, ನಟ್, ಬ್ರೇಕಿನ ಸರಳುಗಳಿಗೆ ಜಜ್ಜಿದ ಬಿಂಬುಳಿ ಸಾಕು. ದೊಡ್ಡ ಭಾಗಗಳಿಗೆ ಆಕ್ಸಾಲಿಕ್ ಆಮ್ಲದ ಪುಡಿಯನ್ನು ನೀರಿನಲ್ಲಿ ಕರಗಿಸಿ ಬಳಸಬಹುದು, ಆದರೆ ಅದು ವಿಷ: ಕೈಗವಸು, ಕನ್ನಡಕ ಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ಮುಗಿದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಕೂಡಲೇ ಎಣ್ಣೆ ಸವರಿ. ಬರಿಗಬ್ಬಿಣ ಒದ್ದೆಯಾಗಿಯೇ ಉಳಿದರೆ ನೋಡನೋಡುತ್ತಲೇ ಮತ್ತೆ ಕೆಂಪಾಗುತ್ತದೆ. ಕ್ರೋಮ್ ಭಾಗಗಳಿಗೆ ಮರಳುಕಾಗದ ಬೇಡವೇ ಬೇಡ. ಅಲ್ಯುಮಿನಿಯಂ ಹಾಳೆಯನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜಿ.

ತುಕ್ಕು ತೆಗೆದ ಜಾಗಕ್ಕೆ ಪಾರದರ್ಶಕ ವಾರ್ನಿಷ್ ಹೊಡೆಯಿರಿ ಎಂಬ ಸಲಹೆ ಒಣ ಹವೆಯ ಊರುಗಳಿಗೆ ಸರಿ. ಕರಾವಳಿಯ ಗಾಳಿಯಲ್ಲಿ ಉಪ್ಪಿದೆ, ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ವಾರ್ನಿಷ್ಷಿನಲ್ಲಿ ಎಲ್ಲೋ ಒಂದು ಗೀರು ಬಿದ್ದರೂ ತೇವ ಒಳಸೇರಿ, ತುಕ್ಕು ಪದರದ ಅಡಿಯಲ್ಲೇ ಹಬ್ಬುತ್ತದೆ. ಕಾದಾರಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ ಒಣಗಲು ಬಿಡುವುದು ನನಗೆ ಹೆಚ್ಚು ಹಿಡಿಸಿದೆ. ಅದು ಒಣಗಿ ಪೊರೆಯಾಗುತ್ತದೆ, ಸವೆದರೆ ಮತ್ತೆ ಹಚ್ಚಬಹುದು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ ಹರಡಿ ಒಣಗಿಸಿ. ತೆಂಗಿನೆಣ್ಣೆ ಕೈಗೆಟಕುತ್ತದೆಂದು ಅದನ್ನು ಬಳಸುವವರಿದ್ದಾರೆ. ಅದು ಕ್ರಮೇಣ ಅಂಟಾಗಿ ಧೂಳು ಹಿಡಿಯುತ್ತದೆ, ಹಬ್‌ನೊಳಗಂತೂ ಹಾಕಲೇಬಾರದು.

ಇನ್ನು ಓಡುವ ಭಾಗಗಳು. ಇಲ್ಲಿ ಮಮತೆ ತೋರಬೇಡಿ. ಸರಳಿನ ಬ್ರೇಕಿನ ರಬ್ಬರು ಒತ್ತುವುದು ರಿಮ್ಮಿನ ಒಳಮುಖಕ್ಕೆ. ಇಂಥ ಬ್ರೇಕಿಗೆಂದು ಮಾಡಿದ ವೆಸ್ಟ್‌ವುಡ್ ಎಂಬ ಬಗೆಯ ರಿಮ್ಮಿನ ಅಂಚುಗಳು ಸುರುಳಿ ಸುತ್ತಿ ಪೊಳ್ಳಾಗಿರುತ್ತವೆ. ನೀರು ಅಲ್ಲಿ ನಿಂತು ಒಳಗಿನಿಂದಲೇ ತಿನ್ನುತ್ತದೆ. ಕಡ್ಡಿ ಕೂರುವ ತೂತುಗಳ ಸುತ್ತ ದಬ್ಬಣದಿಂದ ಚುಚ್ಚಿ ನೋಡಿ, ಚೂರು ಉದುರಿದರೆ ಆ ರಿಮ್ಮಿನ ಮೇಲೆ ಸವಾರಿ ಬೇಡ. 28 ಇಂಚು × 1½ ಅಳತೆಯ ಟೈರು ನಮ್ಮ ಪೇಟೆಗಳಲ್ಲಿ ಈಗಲೂ ಸಿಗುತ್ತದೆ. ಬೇರಿಂಗ್ ಗುಂಡುಗಳನ್ನು ಪೂರ್ತಿ ಬದಲಿಸಿ: ಮುಂದಿನ ಹಬ್‌ಗೆ ಸಾಮಾನ್ಯವಾಗಿ 3/16 ಇಂಚಿನವು, ಹಿಂದಿನದಕ್ಕೆ 1/4 ಇಂಚಿನವು.

ಪೆಡಲಿನ ಕೈಗಳು (ಕ್ರ್ಯಾಂಕ್) ತಿರುಗುವ ನಡು ಅಚ್ಚಿನ ಬಳಿ ರ‍್ಯಾಲಿಯದ್ದು ತನ್ನದೇ ಹಾದಿ. ಉಳಿದ ಬಹುತೇಕ ಬ್ರಿಟಿಷ್ ಸೈಕಲುಗಳಲ್ಲಿ ಈ ಅಚ್ಚಿನ ಬೇರಿಂಗ್ ಹಿಡಿದಿಡುವ ಬಟ್ಟಲಿಗೆ, ಅಂದರೆ ಕಪ್ಪಿಗೆ, ಅಂಗುಲಕ್ಕೆ 24 ಥ್ರೆಡ್ (ತಿರುಪಿನ ಸುತ್ತು) ಇದ್ದರೆ ಇದರಲ್ಲಿ 26. ಹೊಂದದ ಕಪ್ಪನ್ನು ಬಲವಂತವಾಗಿ ತಿರುಗಿಸಿದರೆ ಚೌಕಟ್ಟೇ ಕೆಟ್ಟಂತೆ. ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಬೆಣೆಯಂಥ ಕಾಟರ್ ಪಿನ್ನಿಗೂ ಬರಿದೆ ಸುತ್ತಿಗೆ ಬೀಸಬೇಡಿ, ಅಡಿಗೆ ಆಸರೆ ಇಲ್ಲದಿದ್ದರೆ ಏಟು ಬೇರಿಂಗಿಗೆ ಬೀಳುತ್ತದೆ. ಪಿನ್ ಒತ್ತಿ ತೆಗೆಯುವ ಸಾಧನವನ್ನು ಪ್ರತಿಯೊಬ್ಬರೂ ಕೊಳ್ಳಬೇಕಿಲ್ಲ. ಊರಿನಲ್ಲಿ ಹತ್ತು ಹವ್ಯಾಸಿಗಳ ನಡುವೆ ಒಂದಿದ್ದರೆ ಸಾಕು, ಕೇಳಿದರೆ ಕೊಡುತ್ತಾರೆ. ಸವೆದ ಕಪ್ಪಿಗೆ ಜೋಡಿಯೂ ಬಹಳ ಸಲ ಸಿಗುವುದು ಇನ್ನೊಬ್ಬರ ಹಳೆಯ ಡಬ್ಬಿಯಲ್ಲೇ. ಅದಕ್ಕೆ ಪ್ರತಿಯಾಗಿ ನಿಮ್ಮ ಸೈಕಲಿನ ಗೆರೆ, ಅಕ್ಷರಗಳ ಅಳತೆ ಮತ್ತು ಫೋಟೋ ಕೊಡಿ. ಗುರುತು ಅಳಿಸಿಹೋದ ಸೈಕಲ್ ಇಟ್ಟುಕೊಂಡವರಿಗೆ ಅದೇ ದೊಡ್ಡ ಉಡುಗೊರೆ.

ಯಾರೋ ಈ ಹಿಂದೆಯೇ ಕುಂಚದಿಂದ ಬಣ್ಣ ಬಳಿದು, ಅದರ ಕೆಳಗೆ ಏನೂ ಉಳಿದಿಲ್ಲವಾದರೆ ಧಾರಾಳವಾಗಿ ಹೊಸ ಬಣ್ಣ ಹೊಡೆಸಿ. ಆದರೆ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಸಿಕೊಳ್ಳಿ, ಮಳೆಗಾಲದ ತೇವದಲ್ಲಿ ಹೊಡೆದ ಬಣ್ಣ ಬಿಳುಚಿಕೊಳ್ಳುತ್ತದೆ.